ದೊಡ್ಡ ಟೆಕ್ ಕಂಪನಿಗೆ ಹೋಗಲೋ ಬೇಡವೋ? ಒಳಗಿದ್ದವರು ಹೇಳಿ

ಚನ್ನರಾಯಪಟ್ಟಣದ ಹುಡುಗಿ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಎಚ್‌ಎಸ್‌ಆರ್ ಲೇಔಟ್‌ನ ಒಂದು ಸಣ್ಣ ಕಂಪನಿಯಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಟ್ಟು 40 ಜನ. ನಾವು ಮಾಡುವುದು ಹಳ್ಳಿ ಡೇರಿಗಳ ಸಾಫ್ಟ್‌ವೇರ್. ಬೆಳಿಗ್ಗೆ ರೈತರು ಹಾಲು ತಂದು ಹಾಕಿದ ತಕ್ಷಣ ತೂಕ, ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಲ್ಲ ಯಂತ್ರದಿಂದ ನೇರವಾಗಿ ನಮ್ಮ ಸಿಸ್ಟಂಗೆ ಬರುತ್ತದೆ. ಚೀಟಿ ಅಚ್ಚಾಗುತ್ತದೆ. ಬಟವಾಡೆ ದಿನ ದುಡ್ಡು ಖಾತೆಗೆ ಬೀಳುತ್ತದೆ. ಹಾಲು ಅಳೆಯುವಾಗಲೇ ಕರೆಂಟ್ ಹೋದರೆ ಏನಾಗಬೇಕು, ಸಿಗ್ನಲ್ ಸಿಗದ ಊರಲ್ಲಿ ಏನಾಗಬೇಕು, ಇದನ್ನೆಲ್ಲ ಯೋಚಿಸಿ ಬರೆದದ್ದು ನಾನೇ. ಡೇಟಾಬೇಸ್‌ನಿಂದ ಹಿಡಿದು ಫೋನಿನ ಆ್ಯಪ್‌ವರೆಗೆ ನಾನು ಕೈಯಿಡದ ಜಾಗ ಇಲ್ಲ. ನಮ್ಮೂರಿನ ಡೇರಿಯಲ್ಲೂ ಅದೇ ಇದೆ. ಅಪ್ಪ ದಿನಾ ಬೆಳಿಗ್ಗೆ ಆ ಚೀಟಿ ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಾರೆ.

ಈಗ ಔಟರ್ ರಿಂಗ್ ರೋಡ್‌ನಲ್ಲಿರುವ ಒಂದು ದೊಡ್ಡ ಅಮೆರಿಕನ್ ಕಂಪನಿಯಿಂದ ಆಫರ್ ಬಂದಿದೆ. ಐದು ಸುತ್ತಿನ ಇಂಟರ್‌ವ್ಯೂ ಆಯಿತು. ಈಗಿನ ಸಂಬಳ ವರ್ಷಕ್ಕೆ 16 ಲಕ್ಷ. ಅವರು ಹೇಳುತ್ತಿರುವುದು 30 ಲಕ್ಷ ಸಂಬಳ, ಮೇಲೆ ನಾಲ್ಕು ವರ್ಷಕ್ಕೆ ಹಂಚಿ 48,000 ಡಾಲರ್‌ನ ಆರ್‌ಎಸ್‌ಯು, ಅಂದರೆ ಕಂಪನಿಯ ಷೇರು. ತಮ್ಮ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಮನೆ ಕಟ್ಟಿದ ಸಾಲ ಇನ್ನೂ ಇದೆ. ಹಾಗಾಗಿ ದುಡ್ಡು ನನಗೆ ಸಣ್ಣ ವಿಷಯ ಅಲ್ಲ.

ಆದರೆ ಅಲ್ಲಿ ನನ್ನ ಕೆಲಸ ಏನು ಅಂತ ಮ್ಯಾನೇಜರನ್ನು ಕೇಳಿದೆ. ಒಂದು ನೋಟಿಫಿಕೇಶನ್ ಮೊದಲ ಸಲ ತಲುಪದಿದ್ದರೆ ಮತ್ತೆ ಕಳಿಸುವ ಸರ್ವಿಸ್ ಇದೆ, ನಮ್ಮ ತಂಡ ಅದನ್ನು ನೋಡಿಕೊಳ್ಳುತ್ತದೆ ಅಂದರು. ಅಷ್ಟೇ. ಒಂಬತ್ತು ಎಂಜಿನಿಯರ್‌ಗಳು ಅದೊಂದಕ್ಕೆ. ನಾಲ್ಕು ವರ್ಷ ಅದನ್ನೇ ಮಾಡಿದರೆ ಒಂದು ವಸ್ತುವನ್ನು ತಲೆಯಿಂದ ಕಾಲಿನವರೆಗೆ ಕಟ್ಟುವ ಶಕ್ತಿ ನನ್ನಲ್ಲಿ ಉಳಿಯುತ್ತದೆಯಾ? ಇನ್ನೊಂದು ಕಡೆ, ಈಗಿರುವ ಕಡೆ ನನ್ನ ಕೋಡ್ ಓದಿ ತಪ್ಪು ಹೇಳುವವರೇ ಇಲ್ಲ. ಅದೂ ಹೆದರಿಕೆಯೇ.

ಹತ್ತು ದಿನದಲ್ಲಿ ಉತ್ತರ ಕೊಡಬೇಕು.

ಸಣ್ಣ ಕಂಪನಿಯವ

ನಿಮ್ಮ ಪೋಸ್ಟ್ ಓದಿ ನನ್ನ ಏಳು ವರ್ಷ ನೆನಪಾಯಿತು. 2014ರಲ್ಲಿ ಅಂಥದೇ ಒಂದು ಕಂಪನಿ ಸೇರಿದೆ, 2021ರಲ್ಲಿ ಬಿಟ್ಟೆ. ಹೆಸರು ಹೇಳುವುದಿಲ್ಲ.

ಮೊದಲ ವರ್ಷ ನಿಜವಾಗಿ ಕಲಿತೆ, ಸುಳ್ಳು ಹೇಳಬಾರದು. ಆಮೇಲೆ ಒಂದು ಸೆಟ್ಟಿಂಗ್ಸ್ ಪುಟಕ್ಕೆ ಒಂದು ಬಟನ್ ಸೇರಿಸುವ ಕೆಲಸ ಬಂತು. ಕೋಡ್ ಬರೆಯಲು ಆರು ದಿನ. ಜನರ ಕೈಗೆ ಹೋಗಲು ಐದು ತಿಂಗಳು. ಪ್ರೈವಸಿಯವರು ನೋಡಬೇಕು, ಸೆಕ್ಯುರಿಟಿಯವರು ನೋಡಬೇಕು, ಲೀಗಲ್ ನೋಡಬೇಕು. ಇನ್ನೊಂದು ತಂಡದ ಎಪಿಐ (ಅವರ ಸಾಫ್ಟ್‌ವೇರ್ ಜೊತೆ ನಮ್ಮದು ಮಾತಾಡುವ ದಾರಿ) ಸ್ವಲ್ಪ ಬದಲಾಗಬೇಕಿತ್ತು, ಆದರೆ ಆ ಕ್ವಾರ್ಟರ್‌ನ ಅವರ ಪಟ್ಟಿಯಲ್ಲಿ ನಮಗೆ ಜಾಗ ಇರಲಿಲ್ಲ.

ಅದನ್ನು ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ಇನ್ನೊಂದು. ಹದಿನಾಲ್ಕು ತಿಂಗಳು ನಾವು ಆರು ಜನ ಕೂತು ಮಾಡಿದ ಒಂದು ಪ್ರಾಡಕ್ಟ್ ಒಂದು ಮಂಗಳವಾರ ಒಂದೇ ಮೇಲ್‌ನಲ್ಲಿ ನಿಂತುಹೋಯಿತು. ಮೇಲಿನವರು ಬದಲಾಗಿದ್ದರು, ದಿಕ್ಕು ಬದಲಾಗಿತ್ತು. ಆ ಕೋಡ್ ಅಳಿಸುವ ಕೆಲಸವನ್ನೂ ನಮಗೇ ಕೊಟ್ಟರು. ಸಂಬಳದಲ್ಲಿ ಒಂದು ರೂಪಾಯಿ ಕಡಿಮೆ ಆಗಲಿಲ್ಲ, ಆ ವರ್ಷದ ಬೋನಸ್ ಕೂಡ ಬಂತು. ನಾವು ಮಾಡಿದ್ದು ಇದ್ದರೂ ಇಲ್ಲದಿದ್ದರೂ ಒಂದೇ ಅಂತ ಅವತ್ತು ಗೊತ್ತಾಯಿತು. ಅವತ್ತಿನ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ.

ನಿಮ್ಮ ಭಯ ನಿಜವಾದದ್ದು. ದೊಡ್ಡ ಕಡೆ ಬಿಲ್ಡ್, ಡಿಪ್ಲಾಯ್, ಡೇಟಾಬೇಸ್ ಎಲ್ಲ ಅವರದೇ. ಗೂಗಲ್‌ನವರು 2016ರಲ್ಲಿ ಒಂದು ಲೇಖನ ಪ್ರಕಟಿಸಿದ್ದರು. 2015ರ ಹೊತ್ತಿಗೆ ಅವರ ಒಂದೇ ರೆಪೊಸಿಟರಿಯಲ್ಲಿ, ಅಂದರೆ ಕೋಡ್ ಇಡುವ ಉಗ್ರಾಣದಲ್ಲಿ, ಸುಮಾರು 200 ಕೋಟಿ ಸಾಲು ಕೋಡ್ ಇತ್ತು. ಅಷ್ಟು ದೊಡ್ಡದಕ್ಕೆ ಪೇಟೆಯಲ್ಲಿ ಸಿಗುವ ಟೂಲ್ ಸಾಲುವುದಿಲ್ಲ, ತಾವೇ ಮಾಡಿಕೊಳ್ಳಬೇಕು. ಅದು ತಪ್ಪಲ್ಲ. ಆದರೆ ಹೊರಗೆ ಬರುವ ದಿನ ಆ ತಿಳಿವಳಿಕೆಯಲ್ಲಿ ಅರ್ಧವನ್ನು ಬ್ಯಾಡ್ಜ್ ಜೊತೆಗೆ ಗೇಟಿನಲ್ಲೇ ಕೊಟ್ಟು ಬರುತ್ತೀರಿ. ನಾನು ಹೊರಗೆ ಬಂದು ಒಂದು ಸಾದಾ ಸರ್ವರ್ ಎಬ್ಬಿಸಲು ಎರಡು ವಾರ ಒದ್ದಾಡಿದೆ.

ನಿಮ್ಮ ಅಪ್ಪನ ಜೇಬಿನಲ್ಲಿ ನಿಮ್ಮ ಕೆಲಸ ಇದೆ. ಅದನ್ನು ಸುಮ್ನೆ ಬಿಡಬೇಡಿ.

ರಾತ್ರಿ ಪೇಜರ್

ಮೇಲಿನ ಅಣ್ಣ ಹೇಳಿದ ನೋವು ಅರ್ಥವಾಗುತ್ತದೆ. ಆದರೆ ಆ ರಿವ್ಯೂಗಳ ಬಗ್ಗೆ, ಅಂದರೆ ಜನರ ಕೈಗೆ ಹೋಗುವ ಮೊದಲು ಬೇರೆಯವರು ನೋಡುವುದರ ಬಗ್ಗೆ, ಒಂದು ಮಾತು ಹೇಳಲೇಬೇಕು. ನಾನು ಎಸ್‌ಆರ್‌ಇ, ಅಂದರೆ ಸರ್ವಿಸ್‌ಗಳು ಬೀಳದಂತೆ ನೋಡಿಕೊಳ್ಳುವ ಎಂಜಿನಿಯರ್. ಒಂಬತ್ತು ವರ್ಷದಿಂದ ಇದೇ ಕೆಲಸ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿಯ ಒಂದು ಅಪ್‌ಡೇಟ್ ಫೈಲ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಆ ಫೈಲನ್ನು ಮೊದಲು ನೂರು ಯಂತ್ರಕ್ಕೆ, ಆಮೇಲೆ ಸಾವಿರಕ್ಕೆ ಅಂತ ಹಂತ ಹಂತವಾಗಿ ಕಳಿಸಿದ್ದರೆ ಹೀಗಾಗುತ್ತಿರಲಿಲ್ಲ. ನಿಧಾನ ಅನ್ನುವುದು ಎಷ್ಟೋ ಸಲ ಇಂಥ ಪೆಟ್ಟು ತಿಂದು ಕಲಿತದ್ದು. 40 ಜನರ ಕಂಪನಿಯಲ್ಲಿ ತಪ್ಪಾದರೆ ಡೇರಿ ಕಾರ್ಯದರ್ಶಿ ನಿಮಗೆ ಫೋನ್ ಮಾಡುತ್ತಾರೆ, ಅರ್ಧ ಗಂಟೆಯಲ್ಲಿ ಸರಿ ಮಾಡುತ್ತೀರಿ. ಇಲ್ಲಿ ಹಾಗಾಗುವುದಿಲ್ಲ.

ನಾವು ಕನ್ನಡಿಗರು 2021ರ ಜೂನ್ ಮರೆಯುವ ಹಾಗೇ ಇಲ್ಲ. ಭಾರತದ ಕೆಟ್ಟ ಭಾಷೆ ಯಾವುದು ಅಂತ ಗೂಗಲ್‌ನಲ್ಲಿ ಹುಡುಕಿದರೆ ಕನ್ನಡ ಅಂತ ಉತ್ತರ ಬರುತ್ತಿತ್ತು. ಯಾವುದೋ ಒಂದು ವೆಬ್ ಪುಟದ ಸಾಲನ್ನು ಯಂತ್ರ ಎತ್ತಿ ಮೇಲಿಟ್ಟಿತ್ತು. ಕಂಪನಿ ಕ್ಷಮೆ ಕೇಳಿತು, ಉತ್ತರ ತೆಗೆಯಿತು. ಒಬ್ಬರು ಕೂತು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ ಅದು. ಆದರೆ ಕೋಟಿಗಟ್ಟಲೆ ಜನ ನೋಡುವ ಜಾಗದಲ್ಲಿ ಯಾರೂ ನೋಡದೆ ಬಿಟ್ಟದ್ದು. ಅದಕ್ಕೇ ನನಗೆ ರಿವ್ಯೂ ಅಂದರೆ ಸಿಟ್ಟು ಬರುವುದಿಲ್ಲ.

ಕಲಿಯುವ ವಿಷಯಕ್ಕೆ ಬರುತ್ತೇನೆ. ನನಗೆ ಈ ಕೆಲಸ ಕೊಟ್ಟ ದೊಡ್ಡ ಪಾಠ ಪೋಸ್ಟ್‌ಮಾರ್ಟಂ, ಅಂದರೆ ಏನಾದರೂ ಬಿದ್ದ ಮೇಲೆ ಯಾಕೆ ಬಿತ್ತು ಅಂತ ಹುಡುಕಿ ಬರೆಯುವುದು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್‌3 (ಬೇರೆ ಕಂಪನಿಗಳು ಡೇಟಾ ಇಡುವ ಕ್ಲೌಡ್ ಸೇವೆ) ಸುಮಾರು ನಾಲ್ಕು ಗಂಟೆ ಬಿದ್ದುಹೋಗಿತ್ತು. ಒಬ್ಬ ಎಂಜಿನಿಯರ್ ಕೆಲವೇ ಸರ್ವರ್ ತೆಗೆಯಲು ಹೋಗಿ, ಕಮಾಂಡ್‌ನಲ್ಲಿ ಒಂದು ಇನ್‌ಪುಟ್ ತಪ್ಪಾಗಿ ಕೊಟ್ಟು, ತುಂಬಾ ಜಾಸ್ತಿ ಸರ್ವರ್ ತೆಗೆದುಬಿಟ್ಟರು. ಸ್ಥಿತಿ ತೋರಿಸುವ ಅವರ ಫಲಕವೇ ಎಸ್‌3 ಮೇಲೆ ನಿಂತಿತ್ತು, ಹಾಗಾಗಿ ಅದನ್ನೂ ಬದಲಿಸಲಾಗಲಿಲ್ಲ. ಕಂಪನಿ ಆಮೇಲೆ ಬಹಿರಂಗವಾಗಿ ಬರೆದ ವರದಿ ಓದಿ. ಆ ಮನುಷ್ಯನ ಹೆಸರಿಲ್ಲ, ಬೈಗುಳ ಇಲ್ಲ. ಒಂದೇ ಸಲಕ್ಕೆ ಅಷ್ಟು ಸರ್ವರ್ ತೆಗೆಯಲು ಟೂಲ್ ಬಿಟ್ಟದ್ದು ಯಾಕೆ ಅಂತ ಕೇಳಿಕೊಂಡು, ಟೂಲನ್ನು ತಿದ್ದಿದ್ದಾರೆ. ಇಂಥ ಯೋಚನೆ ನನಗೆ ಕಾಲೇಜಿನಲ್ಲೂ ಸಿಗಲಿಲ್ಲ, ಮೊದಲ ಸಣ್ಣ ಕಂಪನಿಯಲ್ಲೂ ಸಿಗಲಿಲ್ಲ. ಅಲ್ಲಿ ತಪ್ಪಾದರೆ ಮಾಲೀಕರು ಎಲ್ಲರ ಮುಂದೆ ಕೂಗಾಡುತ್ತಿದ್ದರು.

ಬೆಲೆ ಇಲ್ಲ ಅಂತಲ್ಲ. ಆರು ವಾರಕ್ಕೊಮ್ಮೆ ನನ್ನ ಆನ್‌ಕಾಲ್, ಅಂದರೆ ಹಗಲು ರಾತ್ರಿ ಯಾವಾಗ ಏನು ಬಿದ್ದರೂ ತಕ್ಷಣ ನೋಡುವ ಪಾಳಿ. ಆ ವಾರ ಊರಿಗೆ ಹೋಗುವ ಹಾಗಿಲ್ಲ, ಮದುವೆ ಮನೆಗೂ ಲ್ಯಾಪ್‌ಟಾಪ್ ಬ್ಯಾಗ್ ಬೇಕು. ಅಜ್ಜಿ ತೀರಿಕೊಂಡ ರಾತ್ರಿ ನಾನು ಪೇಜರ್ ಹಿಡಿದಿದ್ದೆ. ಬದಲಿಗೆ ಯಾರಾದರೂ ಬರಲಿ ಅಂತ ನಲವತ್ತು ನಿಮಿಷ ಕಾದೆ. ಆ ನಲವತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಸಣ್ಣ ಕಂಪನಿಯವ

ಅಜ್ಜಿಯ ವಿಷಯ ಓದಿ ಬೇಸರವಾಯಿತು. ರಿವ್ಯೂ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಸಿಟ್ಟು ರಿವ್ಯೂ ಮೇಲೆ ಅಲ್ಲ, ನಾವು ಮಾಡಿದ್ದರ ಮೇಲೆ ನಮಗೆ ಹಕ್ಕೇ ಇಲ್ಲದಿದ್ದದ್ದರ ಮೇಲೆ.

ಷೇರು ಲೆಕ್ಕ

ಯಾರೂ ಆರ್‌ಎಸ್‌ಯು ಬಗ್ಗೆ ಹೇಳಿಲ್ಲ, ನಾನು ಹೇಳುತ್ತೇನೆ. ನಾನೂ ಎಂಜಿನಿಯರ್, ಆದರೆ ಈ ಲೆಕ್ಕದಲ್ಲಿ ಪೆಟ್ಟು ತಿಂದು ಕಲಿತವನು.

48,000 ಡಾಲರ್ ಅನ್ನುವುದು ಆಫರ್ ಕೊಟ್ಟ ದಿನದ ಮಾತು. ನಿಮಗೆ ಸಿಗುವುದು ಡಾಲರ್ ಅಲ್ಲ, ಇಷ್ಟು ಷೇರು ಅಂತ ಸಿಗುತ್ತದೆ. ಮೆಟಾ ಷೇರು 2022 ಒಂದೇ ವರ್ಷದಲ್ಲಿ ಮೂರನೇ ಎರಡು ಭಾಗದಷ್ಟು ಇಳಿದುಹೋಯಿತು, 2023ರಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಒಂದೇ ಕಂಪನಿ, ಒಂದೇ ಕೆಲಸ. 2021ರ ಕೊನೆಗೆ ಸೇರಿದವರಿಗೂ 2022ರ ಕೊನೆಗೆ ಸೇರಿದವರಿಗೂ ಕೈಗೆ ಬಂದ ದುಡ್ಡಿನಲ್ಲಿ ಅಜಗಜಾಂತರ.

ಎರಡನೆಯದು, ನಾಲ್ಕು ವರ್ಷಕ್ಕೆ ಹೇಗೆ ಹಂಚಿದ್ದಾರೆ ನೋಡಿ. ಕೆಲವು ಕಡೆ ಪ್ರತಿ ವರ್ಷ ಕಾಲುಭಾಗ. ಅಮೆಜಾನ್‌ನಲ್ಲಿ ಬಹಳ ಕಾಲದಿಂದ ಇರುವ ಪದ್ಧತಿ ಮೊದಲ ವರ್ಷ ಶೇ 5, ಎರಡನೇ ವರ್ಷ ಶೇ 15, ಆಮೇಲೆ 40, 40. ಅಂಥ ಕಡೆ ಎರಡನೇ ವರ್ಷಕ್ಕೆ ಬಿಟ್ಟರೆ ಹೆಚ್ಚಿನ ಪಾಲು ಅಲ್ಲೇ ಉಳಿಯಿತು.

ತೆರಿಗೆ. ಷೇರು ನಿಮ್ಮ ಖಾತೆಗೆ ಬಂದ ದಿನ ಅದರ ಪೂರ್ತಿ ಬೆಲೆ ನಿಮ್ಮ ಸಂಬಳ ಅಂತಲೇ ಲೆಕ್ಕ. ನೀವು ಮಾರಿರಿ, ಬಿಡಿ. 30 ಲಕ್ಷ ಸಂಬಳದವರಿಗೆ ಸೆಸ್ ಸೇರಿ ಶೇ 31.2. ಒಟ್ಟು ಆದಾಯ 50 ಲಕ್ಷ ದಾಟಿದರೆ ಸರ್‌ಚಾರ್ಜ್ ಸೇರಿ 34 ದಾಟುತ್ತದೆ. ಸಾಮಾನ್ಯವಾಗಿ ಕಂಪನಿಯೇ ಅಷ್ಟು ಷೇರು ಹಿಡಿದುಕೊಂಡು ತೆರಿಗೆ ಕಟ್ಟುತ್ತದೆ. ನೂರು ಷೇರು ಅಂದರೆ ಕೈಗೆ 69 ಅಂತ ತಿಳಿಯಿರಿ. ಆಮೇಲೆ ಇಟ್ಟುಕೊಂಡು ಮಾರಿದರೆ ಏರಿದ ಬೆಲೆಗೆ ಮಾತ್ರ ಮತ್ತೆ ತೆರಿಗೆ. 24 ತಿಂಗಳ ಮೇಲಾಗಿದ್ದರೆ ಶೇ 12.5.

ಎಲ್ಲಕ್ಕಿಂತ ಮುಖ್ಯ, ಐಟಿಆರ್‌ನಲ್ಲಿ, ಅಂದರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ, ಷೆಡ್ಯೂಲ್ ಎಫ್‌ಎ ಅಂತ ಒಂದು ಭಾಗ ಇದೆ. ವಿದೇಶದ ಷೇರು ಒಂದೇ ಒಂದು ಇದ್ದರೂ ಅಲ್ಲಿ ತುಂಬಬೇಕು. ಅದು ಹಣಕಾಸು ವರ್ಷದ ಲೆಕ್ಕ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕ. 2015ರ ಕಪ್ಪುಹಣ ಕಾಯ್ದೆಯಲ್ಲಿ ಇದನ್ನು ಮುಚ್ಚಿಟ್ಟರೆ 10 ಲಕ್ಷ ದಂಡ ಇದೆ. ಒಟ್ಟು 20 ಲಕ್ಷದ ಒಳಗಿನ ಷೇರಿಗೆ 2024ರ ಅಕ್ಟೋಬರ್‌ನಿಂದ ಆ ದಂಡ ಇಲ್ಲ, ಆದರೆ ತುಂಬುವುದು ತಪ್ಪುವುದಿಲ್ಲ. ಡಿವಿಡೆಂಡ್ ಬಂದರೆ ಅಮೆರಿಕದಲ್ಲಿ ಶೇ 25 ಹಿಡಿದೇ ಕೊಡುತ್ತಾರೆ. ಅದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಲು ಬೇರೆ ಫಾರ್ಮ್ ಹಾಕಬೇಕು. ಮೊದಲ ವರ್ಷವೇ ಒಬ್ಬ ಒಳ್ಳೆ ಆಡಿಟರನ್ನು ಹಿಡಿಯಿರಿ.

ನನ್ನ ಅಭಿಪ್ರಾಯ ಬೇಕಾದರೆ, ಷೇರು ಬಂದ ದಿನವೇ ಮಾರಿ ಮನೆ ಸಾಲಕ್ಕೆ ಹಾಕಿ. ನಿಮ್ಮ ಸಂಬಳವೂ ಅದೇ ಕಂಪನಿ, ಉಳಿತಾಯವೂ ಅದೇ ಕಂಪನಿ ಆಗಬಾರದು. ನಾನು ಏರುತ್ತದೆ ಅಂತ ಎರಡು ವರ್ಷ ಕಾದೆ. ಷೇರು ಅರ್ಧ ಆದ ತಿಂಗಳಲ್ಲೇ ನನ್ನ ಕೆಲಸವೂ ಹೋಯಿತು.

ಚನ್ನರಾಯಪಟ್ಟಣದ ಹುಡುಗಿ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ ಸರ್. ಷೆಡ್ಯೂಲ್ ಎಫ್‌ಎ ಅನ್ನುವ ಹೆಸರನ್ನೇ ನಾನು ಕೇಳಿರಲಿಲ್ಲ. ಕೆಲಸ ಹೋದದ್ದರ ಬಗ್ಗೆ ಕೇಳಬಹುದಾ? ನಮ್ಮಂಥ ಕಡೆ ದುಡ್ಡಿಲ್ಲ ಅಂದರೆ ಮಾಲೀಕರು ಕೂರಿಸಿ ಹೇಳುತ್ತಾರೆ. ಅಲ್ಲಿ ಹೇಗೆ?

ಷೇರು ಲೆಕ್ಕ

ಕೇಳಿ, ತಪ್ಪೇನಿಲ್ಲ. 2023ರ ಶುರುವಿನಲ್ಲಿ. ಆಗ ಎಲ್ಲ ಕಡೆ ಅದೇ ನಡೆಯುತ್ತಿತ್ತು. ಗೂಗಲ್ 12,000, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000 ಅಂತ ಒಂದೇ ತಿಂಗಳಲ್ಲಿ ಘೋಷಣೆ ಆಗಿತ್ತು. ನನ್ನದು ಇನ್ನೊಂದು ಕಂಪನಿ. ಇಪ್ಪತ್ತು ನಿಮಿಷದ ಮೀಟಿಂಗ್. ಎಚ್‌ಆರ್‌ನವರು ಒಂದು ಕಾಗದ ತೋರಿಸಿ, ನೀವೇ ರಾಜೀನಾಮೆ ಕೊಟ್ಟ ಹಾಗೆ ಮಾಡೋಣ, ಮುಂದಿನ ಕೆಲಸಕ್ಕೆ ಒಳ್ಳೆಯದು ಅಂದರು. ಮೂರು ತಿಂಗಳ ಸಂಬಳ ಕೊಟ್ಟರು. ಕಾಗದಕ್ಕೆ ಅಲ್ಲೇ ಸಹಿ ಹಾಕಿದೆ. ಎರಡು ದಿನ ಟೈಮ್ ಕೇಳಿ, ಒಬ್ಬ ವಕೀಲರಿಗೆ ತೋರಿಸಬೇಕಿತ್ತು. ಅಷ್ಟು ಕೇಳುವ ಹಕ್ಕು ನನಗಿತ್ತು, ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೇಳಲು ಹನ್ನೊಂದು ದಿನ ಬೇಕಾಯಿತು. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಕಬ್ಬನ್ ಪಾರ್ಕಿಗೆ ಹೋಗಿ ಕೂರುತ್ತಿದ್ದೆ.

ಕರ್ನಾಟಕದಲ್ಲಿ ಐಟಿ ನೌಕರರ ಸಂಘ ಇದೆ, ಕೆಐಟಿಯು, 2017ರಿಂದ. ಇಂಥ ಬಲವಂತದ ರಾಜೀನಾಮೆ ವಿಷಯಗಳನ್ನು ಅವರು ಕಾರ್ಮಿಕ ಇಲಾಖೆಗೆ ಒಯ್ಯುತ್ತಾರೆ. 2024ರ ಜುಲೈನಲ್ಲಿ ಕೆಲಸದ ಸಮಯವನ್ನು 14 ಗಂಟೆವರೆಗೆ ಹಿಗ್ಗಿಸುವ ಮಾತು ಬಂದಾಗ ಬೀದಿಗಿಳಿದು ವಿರೋಧಿಸಿದ್ದೂ ಅವರೇ. ನನಗೆ ಅವರ ವಿಷಯ ತಡವಾಗಿ ಗೊತ್ತಾಯಿತು.

ಸನಿವೇಲ್ ಕನ್ನಡಿಗ

ಅಮೆರಿಕದಲ್ಲಿ ಇದೇ ಕಥೆಗೆ ವೀಸಾ ಸೇರುತ್ತದೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇದ್ದು ಕೆಲಸ ಹೋದರೆ 60 ದಿನದಲ್ಲಿ ಇನ್ನೊಂದು ಕಂಪನಿ ಕೆಲಸಕ್ಕೆ ತೆಗೆದುಕೊಳ್ಳಬೇಕು, ಇಲ್ಲ ದೇಶ ಬಿಡಬೇಕು, ಇಲ್ಲ ಬೇರೆ ವೀಸಾಗೆ ಬದಲಾಗಬೇಕು. ಮಗಳು ಎರಡನೇ ಕ್ಲಾಸ್‌ನಲ್ಲಿದ್ದಳು. ನನಗೆ 52ನೇ ದಿನ ಆಫರ್ ಬಂತು. ಗ್ರೀನ್ ಕಾರ್ಡ್‌ಗೆ ಒಂದು ದೇಶಕ್ಕೆ ಶೇ 7ರ ಮಿತಿ ಇರುವುದರಿಂದ ನಮ್ಮವರ ಸಾಲು ಕರಗುವುದೇ ಇಲ್ಲ.

ಕೆಲವರು ದೊಡ್ಡ ಕಂಪನಿ ಸೇರುವುದೇ ಒಂದು ದಿನ ಇಲ್ಲಿಗೆ ಬರಬಹುದು ಅಂತ. ಆ ಆಸೆ ನಿಮಗಿದ್ದರೆ ಇರಲಿ, ಆದರೆ ಅದರ ಮೇಲೆ ಲೆಕ್ಕ ಹಾಕಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಆದಾಗ ಇಲ್ಲಿ ಎಷ್ಟೋ ಮನೆಗಳಲ್ಲಿ ಆ ವಾರಾಂತ್ಯ ಯಾರೂ ಮಲಗಲಿಲ್ಲ. ಊರಿಗೆ ಹೋಗಿದ್ದವರು ಅರ್ಧದಲ್ಲೇ ವಿಮಾನ ಹತ್ತಿದರು.

ಬನಶಂಕರಿ ಅಮ್ಮ

ಹೆಣ್ಣುಮಗಳು ಕೇಳಿದ್ದಾಳೆ ಅಂತ ಬರೆಯುತ್ತಿದ್ದೇನೆ.

ನನಗೆ ಇಬ್ಬರು ಮಕ್ಕಳು. ಮೊದಲನೆಯದು ಸಣ್ಣ ಕಂಪನಿಯಲ್ಲಿದ್ದಾಗ, ಎರಡನೆಯದು ದೊಡ್ಡ ಕಂಪನಿಯಲ್ಲಿ. 2017ರ ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 26 ವಾರ, ಸಣ್ಣ ಕಂಪನಿಗೂ ಅನ್ವಯಿಸುತ್ತದೆ. ಆದರೆ ಮೊದಲ ಸಲ ನಾಲ್ಕನೇ ತಿಂಗಳಿಗೇ "ಸ್ವಲ್ಪ ನೋಡಿ ಹೇಳ್ತೀರಾ" ಅಂತ ಫೋನ್ ಬರಲು ಶುರುವಾಯಿತು. ನನ್ನ ಬಿಟ್ಟರೆ ಆ ಕೋಡ್ ಗೊತ್ತಿರುವವರೇ ಇರಲಿಲ್ಲ, ಅವರನ್ನು ಬೈಯಲೂ ಆಗದು. ಎರಡನೇ ಸಲ ಒಂದೇ ಒಂದು ಫೋನ್ ಬರಲಿಲ್ಲ. ಆಫೀಸ್ ಪಕ್ಕದಲ್ಲೇ ಶಿಶುಪಾಲನಾ ಕೇಂದ್ರ. 50ಕ್ಕೂ ಹೆಚ್ಚು ಜನ ಇರುವ ಕಡೆ ಅದು ಕಾನೂನು, ಆದರೆ ಇವರು ನಿಜವಾಗಿಯೂ ಚೆನ್ನಾಗಿ ನಡೆಸುತ್ತಿದ್ದರು. ಮಗುವಿನ ವ್ಯಾಕ್ಸಿನ್‌ನಿಂದ ಹಿಡಿದು ಅತ್ತೆಯ ಕಣ್ಣಿನ ಆಪರೇಶನ್‌ವರೆಗೆ ಇನ್ಶೂರೆನ್ಸ್ ನೋಡಿಕೊಂಡಿತು.

ಆದರೆ ಕೆಲಸಕ್ಕೆ ವಾಪಸ್ ಬಂದಾಗ ನನ್ನ ಪ್ರಮೋಶನ್ ಒಂದು ವರ್ಷ ಹಿಂದೆ ಹೋಗಿತ್ತು. ಯಾರೂ ರಜೆ ಕಾರಣ ಅನ್ನಲಿಲ್ಲ. "ಈ ಸೈಕಲ್‌ನಲ್ಲಿ ತೋರಿಸಲು ಸಾಕಷ್ಟು ಕೆಲಸ ಇಲ್ಲ" ಅಂದರು. ಅರ್ಧ ವರ್ಷ ಮನೆಯಲ್ಲಿದ್ದವಳ ಬಳಿ ಎಲ್ಲಿರುತ್ತದೆ?

ಇನ್ನೊಂದು, ರಾತ್ರಿ ಮೀಟಿಂಗ್. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 9 ನಮಗೆ ರಾತ್ರಿ 9:30, ಅವರ ಚಳಿಗಾಲದಲ್ಲಿ 10:30. ಮಕ್ಕಳನ್ನು ಮಲಗಿಸುವ ಹೊತ್ತು ಸರಿಯಾಗಿ ಅದೇ. ವಾರಕ್ಕೆ ಒಂದು ಅಂದರೆ ಪರವಾಗಿಲ್ಲ. ನನಗೆ ನಾಲ್ಕು ಇತ್ತು. ಸೇರುವ ಮೊದಲೇ ವಾರಕ್ಕೆ ಎಷ್ಟು ರಾತ್ರಿ ಮೀಟಿಂಗ್ ಅಂತ ಬಾಯಿಬಿಟ್ಟು ಕೇಳು. ನಾಚಿಕೊಳ್ಳಬೇಡ.

ಓಡಾಟ ಬೇರೆ. ಹಳದಿ ಮಾರ್ಗ ಬಂದ ಮೇಲೆ ಸಿಲ್ಕ್ ಬೋರ್ಡ್‌ವರೆಗೆ ಮೆಟ್ರೊ ಆಯಿತು, ಅಲ್ಲಿಂದ ಬೆಳ್ಳಂದೂರಿಗೆ ರಸ್ತೆಯೇ ಗತಿ. ನೀನು ಎಚ್‌ಎಸ್‌ಆರ್‌ನಲ್ಲೇ ಇದ್ದರೆ ಅದೊಂದು ಕಷ್ಟ ಕಡಿಮೆ.

ದಾವಣಗೆರೆ ಕಡೆಯವ

ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ. ಕಾಲೇಜ್ ಹೆಸರು ಹೇಳಿದರೆ ಬೆಂಗಳೂರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸರ್ವಿಸ್ ಕಂಪನಿಯಲ್ಲಿ (ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಕಡೆ) ಮೂರೂವರೆ ಲಕ್ಷಕ್ಕೆ ಶುರು ಮಾಡಿ, ಆರು ವರ್ಷದ ಮೇಲೆ ಒಂದು ದೊಡ್ಡ ಪ್ರಾಡಕ್ಟ್ ಕಂಪನಿ ಸೇರಿದೆ. ನಮ್ಮಂಥವರಿಗೆ ಆ ಹೆಸರು ಎಷ್ಟು ಮುಖ್ಯ ಅಂತ ಬೇರೆಯವರಿಗೆ ಹೇಳಿದರೆ ಅರ್ಥ ಆಗುವುದು ಕಷ್ಟ. ಅದಾದ ಮೇಲೆ ನನ್ನ ಕಾಲೇಜ್ ಯಾವುದು ಅಂತ ಯಾರೂ ಕೇಳಿಲ್ಲ. ತಂಗಿ ಮದುವೆಗೆ ಅಪ್ಪ ಸಾಲ ಮಾಡಲಿಲ್ಲ.

ಆದರೆ ಒಂದು ವಿಷಯ ಯಾರೂ ಮೊದಲೇ ಹೇಳಿರಲಿಲ್ಲ. ಅಲ್ಲಿ ಕೋಡಿಗಿಂತ ಬರಹ ಜಾಸ್ತಿ. ಏನಾದರೂ ಕಟ್ಟುವ ಮೊದಲು ಡಿಸೈನ್ ಡಾಕ್, ಅಂದರೆ ಏನನ್ನು ಹೇಗೆ ಕಟ್ಟುತ್ತೇವೆ ಅನ್ನುವ ಬರಹ. ಏನಾದರೂ ಬಿದ್ದರೆ ವರದಿ. ಪ್ರಮೋಶನ್ ಬೇಕಾದರೆ ನಾನು ಏನು ಮಾಡಿದೆ, ಅದರಿಂದ ಏನಾಯಿತು, ಎಷ್ಟಾಯಿತು ಅಂತ ನನ್ನ ಕೆಲಸವನ್ನು ನಾನೇ ಬರೆದು ತೋರಿಸಬೇಕು. ಅದನ್ನು ಓದಿ ತೀರ್ಮಾನಿಸುವವರು ನನ್ನ ಮುಖವನ್ನೂ ನೋಡಿರುವುದಿಲ್ಲ. ಮೊದಲ ಎರಡು ವರ್ಷ ನನ್ನ ಪಕ್ಕದವನಿಗಿಂತ ಜಾಸ್ತಿ ಕೆಲಸ ಮಾಡಿದೆ, ಪ್ರಮೋಶನ್ ಅವನಿಗೆ ಹೋಯಿತು. ಅವನು ಮೋಸ ಮಾಡಲಿಲ್ಲ. ಚೆನ್ನಾಗಿ ಬರೆದಿದ್ದ.

ಆಮೇಲೆ ನಮ್ಮ ತಂಡದ ಒಬ್ಬ ಹಿರಿಯರು, ತಮಿಳುನಾಡಿನವರು, ಪ್ರತಿ ಶುಕ್ರವಾರ ನನ್ನ ಜೊತೆ ಕೂತು ನನ್ನ ಡಾಕ್ ತಿದ್ದಿದರು. ಒಂದು ವರ್ಷ, ಒಂದು ವಾರವೂ ಬಿಡದೆ. ಸಣ್ಣ ವಾಕ್ಯ ಬರಿ, ಮೊದಲು ತೊಂದರೆ ಹೇಳು, ಆಮೇಲೆ ನಿನ್ನ ಉಪಾಯ ಹೇಳು ಅನ್ನುತ್ತಿದ್ದರು. ಇವತ್ತು ನಾನು ಹೊಸಬರಿಗೆ ಅದನ್ನೇ ಮಾಡುತ್ತಿದ್ದೇನೆ. ನಿಮ್ಮ ಕೋಡ್ ಓದುವವರೇ ಇಲ್ಲ ಅಂದಿರಲ್ಲ, ನನಗೆ ಅದೇ ದೊಡ್ಡ ಕಾರಣ ಅನ್ನಿಸುತ್ತದೆ. ಹೋಗಿ.

ಕೊನೇ ವರ್ಷ, ಹಾಸನ

ನಾನು ಇನ್ನೂ ಓದುತ್ತಿದ್ದೇನೆ. ಕ್ಷಮಿಸಿ, ಮಧ್ಯೆ ಕೇಳುತ್ತಿದ್ದೇನೆ. ಎಐ ಬಂದ ಮೇಲೆ ಇದೆಲ್ಲ ಇರುತ್ತದೆಯಾ? ಗೂಗಲ್‌ನ ಸುಂದರ್ ಪಿಚೈ ಅವರೇ 2024ರ ಅಕ್ಟೋಬರ್‌ನಲ್ಲಿ ತಮ್ಮ ಹೊಸ ಕೋಡ್‌ನಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಎಐ ಬರೆಯುತ್ತದೆ ಅಂದಿದ್ದರು. ನಮ್ಮ ಕಾಲೇಜಿಗೆ ಈ ವರ್ಷ ಕಂಪನಿಗಳು ಬಂದದ್ದೇ ಕಡಿಮೆ.

ರಾತ್ರಿ ಪೇಜರ್

ಅದೇ ಮಾತಿನಲ್ಲಿ ಅದನ್ನು ಎಂಜಿನಿಯರ್‌ಗಳು ನೋಡಿ ಒಪ್ಪುತ್ತಾರೆ ಅಂತಲೂ ಅವರು ಹೇಳಿದ್ದರು. ಒಪ್ಪುವವರು ಬೇಕೇ ಬೇಕು. ಬರೆದ ಕೋಡ್ ಓದಿ ಎಲ್ಲಿ ಬೀಳುತ್ತದೆ ಅಂತ ಹೇಳುವುದನ್ನು ಈಗಲೇ ಕಲಿಯಿರಿ. ಹೊಸಬರಿಗೆ ಬಾಗಿಲು ಸಣ್ಣದಾಗಿದೆ ಅನ್ನುವುದು ನಿಜ. ಮೊದಲ ಕೆಲಸ ದೊಡ್ಡ ಹೆಸರಿನ ಕಡೆಯೇ ಬೇಕು ಅಂತ ಕಾಯಬೇಡಿ.

ಹಳೇ ಎಲೆಕ್ಟ್ರಾನಿಕ್ ಸಿಟಿ

ನೋಡಮ್ಮ, ವಯಸ್ಸಿನಲ್ಲಿ ನಿಮ್ಮಪ್ಪನಷ್ಟು ದೊಡ್ಡವನು ನಾನು. ಏಕವಚನದಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ಗೆ. ದೊಡ್ಡ ವಿದೇಶಿ ಕಂಪನಿಯ ಎಂಜಿನಿಯರಿಂಗ್ ಕೆಲಸ ನಮ್ಮೂರಿಗೆ ಬಂದ ಕಥೆ ಶುರುವಾದದ್ದು ಅಲ್ಲಿಂದ. ನಾನು 1996ರಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದೆ. ಆಗ ವೈ2ಕೆ ಕೆಲಸ. 2000ನೇ ಇಸವಿ ಬಂದಾಗ ಕಂಪ್ಯೂಟರ್ ತಪ್ಪು ಲೆಕ್ಕ ಹಾಕದಂತೆ ಎರಡು ಅಂಕಿಯ ವರ್ಷವನ್ನು ನಾಲ್ಕು ಅಂಕಿ ಮಾಡುವುದು. ಆಮೇಲೆ ಮೂರು ದೊಡ್ಡ ಕಂಪನಿಗಳಲ್ಲಿ ಇದ್ದೆ, ಹೋದ ವರ್ಷ ನಿವೃತ್ತನಾದೆ.

ಇಷ್ಟು ವರ್ಷದಲ್ಲಿ ನಾನು ಕಂಡದ್ದು ಒಂದೇ. ಬೆಂಗಳೂರಿನಲ್ಲಿ ಎರಡು ಥರದ ತಂಡಗಳಿವೆ. ಒಂದು ತಂಡದಲ್ಲಿ ಏನು ಮಾಡಬೇಕು ಅನ್ನುವುದನ್ನು ಇಲ್ಲೇ ತೀರ್ಮಾನ ಮಾಡುತ್ತಾರೆ. ಇನ್ನೊಂದರಲ್ಲಿ ಅಲ್ಲಿ ತೀರ್ಮಾನ ಆಗಿ, ಇಲ್ಲಿಗೆ ಇದನ್ನು ಮಾಡಿ ಅನ್ನುವ ಟಿಕೆಟ್ ಮಾತ್ರ ಬರುತ್ತದೆ. ಕಟ್ಟಡ ಒಂದೇ, ಊಟದ ಹಾಲ್ ಒಂದೇ, ಸಂಬಳವೂ ಒಂದೇ. ಆದರೆ ಐದು ವರ್ಷ ಆದ ಮೇಲೆ ಆ ಎರಡು ತಂಡದ ಎಂಜಿನಿಯರ್‌ಗಳನ್ನು ಪಕ್ಕಪಕ್ಕ ಕೂರಿಸು, ಮಾತಿನಲ್ಲೇ ಗೊತ್ತಾಗುತ್ತದೆ. ಒಬ್ಬ ಯಾಕೆ ಅಂತ ಹೇಳುತ್ತಾನೆ. ಇನ್ನೊಬ್ಬ ಯಾವಾಗ ಮುಗಿಯುತ್ತದೆ ಅಂತ ಹೇಳುತ್ತಾನೆ. ಎರಡನೆಯವನು ದಡ್ಡನಲ್ಲ. ಅವನನ್ನು ಯಾರೂ ಯಾಕೆ ಅಂತ ಕೇಳಲೇ ಇಲ್ಲ.

ಸಣ್ಣ ಕಂಪನಿಯವರು ಮೇಲೆ ಹಕ್ಕಿನ ಮಾತು ಹೇಳಿದರಲ್ಲ, ಅವರ ಪ್ರಾಡಕ್ಟ್ ನಿಲ್ಲಿಸಿದ ಮೇಲ್ ಎಲ್ಲಿಂದ ಬಂದಿತ್ತು ಅಂತ ಅವರನ್ನೇ ಕೇಳು.

ಮತ್ತೆ ಕಳಿಸುವ ಸರ್ವಿಸ್ ಸಣ್ಣದು ಅಂದುಕೊಂಡಿದ್ದೀಯ. ನಿನ್ನ ಡೇರಿಯಲ್ಲಿ ಸಿಗ್ನಲ್ ಇಲ್ಲದಾಗ ಹಾಲಿನ ಲೆಕ್ಕ ಎರಡು ಸಲ ಹೋಗಬಾರದು, ಒಂದು ಸಲವೂ ತಪ್ಪಬಾರದು ಅಂತ ತಲೆ ಕೆಡಿಸಿಕೊಂಡಿರುತ್ತೀಯಲ್ಲ. ಅದೇ ಪ್ರಶ್ನೆ ಇದು, ಕೋಟಿ ಪಟ್ಟು ದೊಡ್ಡದಾಗಿ. ನಿನಗೆ ಹೊಸದಲ್ಲ.

ಮ್ಯಾನೇಜರಿಗೆ ಮತ್ತೆ ಫೋನ್ ಮಾಡು. ಹೋದ ವರ್ಷ ಈ ಸರ್ವಿಸ್‌ನಲ್ಲಿ ಮಾಡಿದ ದೊಡ್ಡ ಬದಲಾವಣೆ ಯಾವುದು, ಅದನ್ನು ಮಾಡೋಣ ಅಂದವರು ಯಾರು, ಅವರು ಎಲ್ಲಿ ಕೂರುತ್ತಾರೆ ಅಂತ ಕೇಳು. ಎಷ್ಟು ಜನ ತಂಡ ಬಿಟ್ಟರು ಅಂತಲೂ ಕೇಳು. ಆಫರ್ ಕೈಯಲ್ಲಿದ್ದಾಗ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಣ್ಣ ಕಂಪನಿಯವ

ಹೌದು ಸರ್. ಆ ಮೇಲ್ ಬಂದದ್ದು ನಾನು ಒಂದು ಸಲವೂ ಮಾತಾಡದ ಒಬ್ಬರಿಂದ. ಏಳು ವರ್ಷದಲ್ಲಿ ಇದನ್ನು ನಾನು ಹೀಗೆ ನೋಡಿರಲಿಲ್ಲ.

ಚನ್ನರಾಯಪಟ್ಟಣದ ಹುಡುಗಿ

ಎಂಟು ದಿನ ಆಯಿತು. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ಮ್ಯಾನೇಜರಿಗೆ ಫೋನ್ ಮಾಡಿದೆ. ಗಂಟಲು ಒಣಗಿತ್ತು, ಆದರೂ ಎಲ್ಲ ಕೇಳಿದೆ. ಹೋದ ವರ್ಷ ಅವರು ಮತ್ತೆ ಕಳಿಸಬೇಕಾದ ನೋಟಿಫಿಕೇಶನ್‌ಗಳ ಸರದಿಯನ್ನು ಪೂರ್ತಿ ಬೇರೆ ಥರ ಕಟ್ಟಿದ್ದಾರೆ. ಹಾಗೆ ಮಾಡೋಣ ಅಂತ ಬರೆದದ್ದು ಬೆಂಗಳೂರಿನಲ್ಲೇ ಇರುವ ಒಬ್ಬ ಪ್ರಿನ್ಸಿಪಲ್ ಎಂಜಿನಿಯರ್. ಅವರ ಜೊತೆ ಅರ್ಧ ಗಂಟೆ ಮಾತಾಡಿಸಿದರು. ಅವರು ನನ್ನನ್ನು ಡೇರಿ ಬಗ್ಗೆಯೇ ಕೇಳಿದರು. ಕರೆಂಟ್ ಹೋದಾಗ ಅರ್ಧ ಬಂದ ಲೆಕ್ಕವನ್ನು ಏನು ಮಾಡುತ್ತೀರಿ ಅಂತ ಕೇಳಿ, ನಾನು ಹೇಳಿದ್ದರಲ್ಲಿ ಒಂದು ತಪ್ಪು ಹಿಡಿದರು. ಐದು ವರ್ಷದಲ್ಲಿ ಮೊದಲ ಸಲ. ಫೋನ್ ಇಟ್ಟ ಮೇಲೆ ಆ ತಪ್ಪನ್ನು ಅವತ್ತೇ ಸರಿ ಮಾಡಿದೆ.

ಆನ್‌ಕಾಲ್ ಒಂಬತ್ತು ವಾರಕ್ಕೆ ಒಂದು, ರಾತ್ರಿ ಪಾಲು ಯುರೋಪಿನ ತಂಡದ್ದು. ರಾತ್ರಿ ಮೀಟಿಂಗ್ ವಾರಕ್ಕೆ ಒಂದು. ಹೋದ ವರ್ಷ ಇಬ್ಬರು ಬಿಟ್ಟಿದ್ದಾರೆ, ಒಬ್ಬರು ಅದೇ ಕಂಪನಿಯ ಬೇರೆ ತಂಡಕ್ಕೆ. ಷೇರು ಪ್ರತಿ ವರ್ಷ ಕಾಲುಭಾಗ. ಬಂದ ದಿನವೇ ಮಾರಿ ಸಾಲಕ್ಕೆ ಹಾಕುತ್ತೇನೆ, ಅಮ್ಮನಿಗೂ ಹೇಳಿದ್ದೇನೆ.

ಹೋಗುತ್ತಿದ್ದೇನೆ.

ಅಪ್ಪನಿಗೆ ಹೇಳಿದಾಗ ಸಂಬಳ ಎಷ್ಟು ಅಂತ ಕೇಳಲಿಲ್ಲ. "ಹಂಗಾದ್ರೆ ಡೇರಿ ಚೀಟಿ ಯಾರು ನೋಡ್ಕೊತಾರೆ?" ಅಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಎರಡು ತಿಂಗಳ ನೋಟಿಸ್ ಇದೆ. ದಿನಾ ಸಂಜೆ ಕೂತು ನನ್ನ ತಲೆಯಲ್ಲಿರುವುದನ್ನೆಲ್ಲ ಬರೆಯುತ್ತಿದ್ದೇನೆ. ಬಟವಾಡೆ ಹಿಂದಿನ ರಾತ್ರಿ ಏನು ನೋಡಬೇಕು, ಯಾವ ಕಂಪನಿಯ ಫ್ಯಾಟ್ ಯಂತ್ರ ಮಳೆಗಾಲದಲ್ಲಿ ತಪ್ಪು ಅಂಕಿ ಕಳಿಸುತ್ತದೆ, ಯಾವ ಊರಿನ ಕಾರ್ಯದರ್ಶಿಗೆ ಬೆಳಿಗ್ಗೆ ಆರಕ್ಕೆ ಮೊದಲೇ ಫೋನ್ ಮಾಡಬೇಕು. 31 ಪುಟ ಆಗಿದೆ. ದಾವಣಗೆರೆ ಅಣ್ಣ ಹೇಳಿದ ಹಾಗೆ ಮೊದಲು ತೊಂದರೆ, ಆಮೇಲೆ ಉಪಾಯ ಅಂತ ಬರೆಯುತ್ತಿದ್ದೇನೆ.

ಹಾಸನದ ಕೊನೇ ವರ್ಷದವರೇ, ಇದನ್ನು ಓದುತ್ತಿದ್ದರೆ ನನಗೆ ಮೆಸೇಜ್ ಮಾಡಿ. ನನ್ನ ಜಾಗಕ್ಕೆ ಜನ ಹುಡುಕುತ್ತಿದ್ದಾರೆ. ಹೊಸಬರಾದರೂ ಪರವಾಗಿಲ್ಲ ಅಂತ ಮಾಲೀಕರನ್ನು ಒಪ್ಪಿಸಿದ್ದೇನೆ. ಸಂಬಳ ಜಾಸ್ತಿ ಇಲ್ಲ. ನಾನು ಇರುವಷ್ಟು ದಿನ ನಿಮ್ಮ ಕೋಡ್ ನಾನು ಓದುತ್ತೇನೆ.

ಕೊನೇ ವರ್ಷ, ಹಾಸನ

ಮೆಸೇಜ್ ಮಾಡಿದ್ದೇನೆ ಅಕ್ಕ. ನಮ್ಮ ಮನೆಯಲ್ಲಿ ಮೂರು ಹಸು ಇವೆ.